ಬೇಗ ಬುಕ್ ಮಾಡಿದವರಿಗೇ ದಂಡ

1/10
ಮೊದಲೇ ಹೇಳಿಬಿಡ್ತೀನಿ, ಜಗಳ ಆಮೇಲೆ ಆಡೋಣ. ಹಬ್ಬದ ಸೀಸನ್‌ನಲ್ಲಿ ರಿಟರ್ನ್ ವಿಮಾನದ ದಿನಾಂಕ ಬದಲಿಸೋಕೆ ಕಂಪನಿಗಳು ವಸೂಲಿ ಮಾಡೋ ಚೇಂಜ್ ಫೀ ಇದೆಯಲ್ಲ, ಅದಕ್ಕೆ ಯಾವ ನ್ಯಾಯವೂ ಇಲ್ಲ.

ಸರಿಯಾಗಿ ಓದ್ಕೊಳ್ಳಿ. ಟಿಕೆಟ್ ದರ ಜಾಸ್ತಿ ಅಂತ ಅಳೋ ಪೋಸ್ಟ್ ಅಲ್ಲ ಇದು. ಹೊಸ ದಿನದ ಟಿಕೆಟ್ ದುಬಾರಿ ಇದ್ರೆ ವ್ಯತ್ಯಾಸದ ಹಣ ಕೇಳಲಿ, ಹಲ್ಲು ಕಚ್ಚಿಕೊಂಡು ಕೊಡ್ತೀವಿ. ನನ್ನ ತಕರಾರು ಇರೋದು ಅದರ ಮೇಲೆ ಹಾಕೋ ದಂಡದ ಬಗ್ಗೆ. ದಂಡ ಯಾವಾಗ ಹಾಕ್ತಾರೆ? ಎದುರಿನವರಿಗೆ ನಷ್ಟ ಆದಾಗ. ಸೀಸನ್‌ನಲ್ಲಿ ನಾವು ಬಿಟ್ಟುಕೊಟ್ಟ ಸೀಟಿನಿಂದ ಕಂಪನಿಗೆ ನಷ್ಟ ಆಗೋದಿಲ್ಲ, ಲಾಭ ಆಗುತ್ತೆ. ಲಾಭ ಮಾಡಿಕೊಟ್ಟವರ ಮೇಲೇ ದಂಡ ಹಾಕೋ ವ್ಯಾಪಾರ ಇನ್ನೆಲ್ಲಾದ್ರೂ ಇದ್ರೆ ಕಾಮೆಂಟ್‌ನಲ್ಲಿ ಹೇಳಿ.

ಒಟ್ಟು ಹತ್ತು ಪೋಸ್ಟ್. ಉದ್ದ ಆಯ್ತು ಅಂತ ಬೈಬೇಡಿ, ರೀಲ್ಸ್ ನೋಡೋ ಟೈಮಲ್ಲಿ ಅರ್ಧ ಸಾಕು.

2/10
ಲೆಕ್ಕದಿಂದ ಶುರು ಮಾಡೋಣ. ಸ್ಕ್ರೀನ್‌ಶಾಟ್ ಹಾಕಿದೀನಿ. ಕಂಪನಿ ಹೆಸರು ಬೇಕಂತಲೇ ಮುಚ್ಚಿದೀನಿ, ಯಾಕಂದ್ರೆ ಇದು ಒಂದು ಕಂಪನಿಯ ಚಾಳಿ ಅಲ್ಲ.

ನಾವು ದೆಹಲಿಯಲ್ಲಿ ಓದೋರು. ಚಳಿಗಾಲದ ರಜೆಗೆ ಊರಿಗೆ ಬಂದಿದ್ವಿ. ಸಂಕ್ರಾಂತಿ ಮುಗಿಸಿಕೊಂಡು ಜನವರಿ 18ರ ಭಾನುವಾರ ಬೆಂಗಳೂರಿಂದ ದೆಹಲಿಗೆ ವಾಪಸ್ ಹೋಗೋದು, 20ಕ್ಕೆ ವೈವಾ. ಟಿಕೆಟ್ ಅಕ್ಟೋಬರ್‌ನಲ್ಲೇ ತಗೊಂಡಿದ್ದು, 6,240 ರೂಪಾಯಿ. ಜನವರಿ 6ರ ರಾತ್ರಿ ಕಾಲೇಜಿನಿಂದ ಮೆಸೇಜ್ ಬಂತು: ವೈವಾ 13ಕ್ಕೆ. ಅಂದ್ರೆ 11ರಂದೇ ಹೊರಡಬೇಕು.

11ರ ಟಿಕೆಟ್ ಆಗ 11,340 ತೋರಿಸ್ತಿತ್ತು. ವ್ಯತ್ಯಾಸ 5,100. ಒಪ್ಪಿದೆ. ಅದರ ಕೆಳಗೆ ಇನ್ನೊಂದು ಸಾಲು: ಚೇಂಜ್ ಫೀ 3,000. ಒಟ್ಟು ಇನ್ನೂ 8,100 ಕಟ್ಟಬೇಕು. ಮೂಲ ಟಿಕೆಟ್ಟಿಗಿಂತ ಬದಲಾವಣೆಯೇ ದುಬಾರಿ!

ಈಗ ತಮಾಷೆ ನೋಡಿ. ಮೂರು ತಿಂಗಳು ಮುಂಚೆ ದುಡ್ಡು ಕೊಟ್ಟ ನನಗೆ 11ರ ಸೀಟಿಗೆ ಬಿದ್ದಿದ್ದು 14,340. ಅವತ್ತು ಬೆಳಿಗ್ಗೆ ಎದ್ದು ಹೊಸದಾಗಿ ಟಿಕೆಟ್ ತಗೊಂಡವರಿಗೆ ಅದೇ ವಿಮಾನದಲ್ಲಿ, ಅದೇ ಸಾಲಿನಲ್ಲಿ 11,340. "ಬೇಗ ಬುಕ್ ಮಾಡಿ, ಉಳಿಸಿ" ಅಂತ ನೋಟಿಫಿಕೇಶನ್ ಕಳಿಸೋದು ಇದೇ ಆ್ಯಪ್.

3/10
ನಾನು ಬಿಟ್ಟ 18ರ ಸೀಟು ಏನಾಯ್ತು? ಸಂಕ್ರಾಂತಿ ಮುಗಿದ ಮೊದಲ ಭಾನುವಾರ ಅದು. ಊರಿಗೆ ಹೋದ ಅರ್ಧ ಜನ ವಾಪಸ್ ಹೊರಡೋ ದಿನ. ನಾನು ಬದಲಿಸಿದ ಹೊತ್ತಿಗೆ ಅದೇ ವಿಮಾನದ ಟಿಕೆಟ್ 12,900 ತೋರಿಸ್ತಿತ್ತು.

ಎರಡೂ ವಿಮಾನ ತುಂಬುತ್ತೆ ಅಂದ್ಕೊಳ್ಳಿ, ಸೀಸನ್‌ನಲ್ಲಿ ಸಾಮಾನ್ಯವಾಗಿ ಆಗೋದೇ ಅದು. ನಾನು ಬದಲಿಸದೇ ಇದ್ದಿದ್ರೆ ಈ ಎರಡು ಸೀಟಿಂದ ಕಂಪನಿಗೆ ಬರ್ತಿದ್ದ ಹಣ: 18ಕ್ಕೆ ನನ್ನ 6,240, 11ಕ್ಕೆ ಬೇರೆಯವರ 11,340. ಒಟ್ಟು 17,580. ಬದಲಿಸಿದ ಮೇಲೆ: 11ಕ್ಕೆ ನನ್ನಿಂದ 14,340, 18ಕ್ಕೆ ಹೊಸಬರಿಂದ 12,900. ಒಟ್ಟು 27,240. ನನ್ನ ಒಂದು ಬದಲಾವಣೆಯಿಂದ ಹೆಚ್ಚುವರಿ 9,660 ರೂಪಾಯಿ!

ಚೇಂಜ್ ಫೀ ಸೊನ್ನೆ ಮಾಡಿದ್ರೂ 6,660 ಅವರಿಗೇ ಉಳಿಯುತ್ತೆ. ಹಾಗಾದ್ರೆ ಆ 3,000 ಯಾವ ಗಾಯಕ್ಕೆ ಮುಲಾಮು?

ನ್ಯಾಯವಾಗಿ ಒಂದು ಮಾತು ಹೇಳ್ತೀನಿ. ಮಳೆಗಾಲದ ಒಂದು ಮಂಗಳವಾರ, ಅರ್ಧ ಖಾಲಿ ಹೋಗೋ ವಿಮಾನ. ಅಲ್ಲಿ ನಾನು ಸೀಟು ಬಿಟ್ರೆ ಅದು ಖಾಲಿಯೇ ಹೋಗಬಹುದು. ಅಲ್ಲಿ ಫೀ ಕೇಳಿದ್ರೆ ಅರ್ಥ ಇದೆ. ಆದ್ರೆ ಜನ ಸೀಟಿಗಾಗಿ ಮುಗಿಬೀಳೋ ವಾರದಲ್ಲೂ ಅದೇ ಫೀ ಯಾಕೆ? ಟಿಕೆಟ್ ದರ ಗಂಟೆಗೊಮ್ಮೆ ಬದಲಿಸೋ ಕಂಪ್ಯೂಟರ್‌ಗೆ ಬೇಡಿಕೆ ಎಷ್ಟಿದೆ ಅಂತ ಗೊತ್ತು. ಬೇಡಿಕೆ ಏರಿದಾಗ ದರ ಏರಿಸೋಕೆ ಗೊತ್ತಿರೋ ಯಂತ್ರಕ್ಕೆ, ಬೇಡಿಕೆ ಏರಿದಾಗ ದಂಡ ಇಳಿಸೋಕೆ ಮಾತ್ರ ಗೊತ್ತಾಗಲ್ಲ ಅಂದ್ರೆ ಯಾರ ಕಿವಿಗೆ ಹೂವು?

4/10
ಈಗ ತಕ್ಕಡಿಯ ಇನ್ನೊಂದು ತಟ್ಟೆ. ನಾವು ಬದಲಿಸಿದ್ರೆ ದಂಡ. ಅವರು ಬದಲಿಸಿದ್ರೆ?

ಭಾರತದಲ್ಲಿ ಇದಕ್ಕೆ ಡಿಜಿಸಿಎ, ಅಂದ್ರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮ ಇದೆ. ಕಂಪನಿ ವಿಮಾನ ರದ್ದು ಮಾಡಿ, ಸರಿಯಾದ ಸಮಯಕ್ಕೆ ತಿಳಿಸದೇ ಇದ್ರೆ ಪರಿಹಾರ ಕೊಡಬೇಕು. ಎರಡು ಗಂಟೆಗಿಂತ ಹೆಚ್ಚಿನ ಪ್ರಯಾಣಕ್ಕೆ, ಅಂದ್ರೆ ನಮ್ಮ ಬೆಂಗಳೂರು–ದೆಹಲಿಯಂಥ ಮಾರ್ಗಕ್ಕೆ, 10,000 ರೂಪಾಯಿ. ಕೇಳೋಕೆ ಚೆನ್ನಾಗಿದೆ ಅಲ್ವಾ? ಪೂರ್ತಿ ಓದಿ: 10,000 ಅಥವಾ ಒಂದು ಕಡೆಯ ಮೂಲ ದರ ಮತ್ತು ಇಂಧನ ಶುಲ್ಕ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಎರಡು ವಾರ ಮುಂಚೆ ತಿಳಿಸಿದ್ರೆ ಆ ಪರಿಹಾರವೂ ಇಲ್ಲ. ಬೇರೆ ವಿಮಾನ ಅಥವಾ ಹಣ ವಾಪಸ್, ಅಷ್ಟೇ.

ಅಂದ್ರೆ ನನ್ನ 6,240ರ ಟಿಕೆಟ್ಟನ್ನ ಅವರು ಕೊನೇ ಗಳಿಗೆಯಲ್ಲಿ ರದ್ದು ಮಾಡಿದ್ರೆ ನನ್ನ ಕಷ್ಟದ ಬೆಲೆ ನನ್ನ ಅಗ್ಗದ ಟಿಕೆಟ್ಟಿನ ಬೆಲೆಯನ್ನ ಮೀರಲ್ಲ. ನಾನೇ ರದ್ದು ಮಾಡಿದ್ರೆ? ಮೂಲ ದರ ಮತ್ತು ಇಂಧನ ಶುಲ್ಕದಷ್ಟನ್ನ ಪೂರ್ತಿ ನುಂಗೋಕೂ ನಿಯಮದಲ್ಲಿ ಅವಕಾಶ ಇದೆ.

ಇನ್ನೊಂದು ವಿಷಯ. ನಾವು ಎರಡು ವಾರ ಮುಂಚೆ ತಿಳಿಸಿದ್ರೆ ನಮಗೆ ದಂಡ ಮಾಫಿನಾ? ಆ ಸಮಾನತೆ ನಿಯಮದಲ್ಲಿ ಎಲ್ಲೂ ಇಲ್ಲ. ಅವರ ಎರಡು ವಾರಕ್ಕೆ ಬೆಲೆ ಇದೆ, ನಮ್ಮ ಎರಡು ವಾರಕ್ಕೆ ಇಲ್ಲ.

5/10
"ಟರ್ಮ್ಸ್ ಅಂಡ್ ಕಂಡೀಶನ್ಸ್ ಓದ್ಕೋಬೇಕಿತ್ತು."

ಈ ಕಾಮೆಂಟ್ ಬರುತ್ತೆ ಅಂತ ಗೊತ್ತು, ಅದಕ್ಕೇ ಒಂದು ಪೋಸ್ಟ್ ಎತ್ತಿಟ್ಟಿದೀನಿ. ಓದಿದೀನಿ. ಓದಿ ಏನು ಮಾಡೋದು? "ಈ ಷರತ್ತು ಬೇಡ, ಆ ಸಾಲು ತೆಗೀರಿ" ಅಂತ ಹೇಳೋಕೆ ಅಲ್ಲಿ ಬಟನ್ ಇದೆಯಾ? ಒಪ್ಪಿದೀನಿ ಅನ್ನೋ ಒಂದೇ ಬಟನ್. ಪಕ್ಕದ ಕಂಪನಿಗೆ ಹೋದ್ರೂ ಇದೇ ಪಾಠ, ಬೇರೆ ಬಣ್ಣದಲ್ಲಿ.

ಸಹಿ ಹಾಕಿದ್ದೆಲ್ಲ ನ್ಯಾಯ ಅಂತ ನಮ್ಮ ಕಾನೂನೂ ಹೇಳಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 'ಅನ್ಯಾಯದ ಒಪ್ಪಂದ' ಅನ್ನೋ ಪರಿಕಲ್ಪನೆ ಇದೆ. ಆದ ನಷ್ಟಕ್ಕೆ ಕಿಂಚಿತ್ತೂ ಹೊಂದದ ದಂಡವನ್ನ ಗ್ರಾಹಕರ ಮೇಲೆ ಹೇರೋದು ಅದರ ವ್ಯಾಖ್ಯಾನದಲ್ಲೇ ಬರುತ್ತೆ. ಅದಕ್ಕೂ ಹಿಂದಿನ, 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಕೂಡ ಇದೇ ದಾರಿಯದು. ಒಪ್ಪಂದದಲ್ಲಿ ಎಷ್ಟೇ ದೊಡ್ಡ ದಂಡ ಬರೆದಿದ್ರೂ ಸಿಗಬೇಕಾದ್ದು ನ್ಯಾಯಯುತ ಪರಿಹಾರ ಮಾತ್ರ, ಬರೆದ ಮೊತ್ತ ಅದರ ಮಿತಿ ಅಷ್ಟೇ. 3ನೇ ಪೋಸ್ಟಿನ ಲೆಕ್ಕ ಇಟ್ಕೊಂಡು ಈ ಎರಡನ್ನೂ ಓದಿ. ಲಾ ಓದ್ತಿರೋ ಫ್ರೆಂಡ್ಸ್, ಇದು ನಿಮ್ಮ ಅಖಾಡ. ಇಳೀರಿ.

"ಅದಕ್ಕೇ ಫ್ಲೆಕ್ಸಿ ಫೇರ್ ಇದೆಯಲ್ಲ, ತಗೋಬೇಕಿತ್ತು" ಅನ್ನೋರಿಗೆ: ಮೊದಲು ಒಂದು ಕೃತಕ ಭಯ ಹುಟ್ಟಿಸಿ, ಆಮೇಲೆ ಆ ಭಯಕ್ಕೆ ತಾಯಿತ ಮಾರೋದು ಹೊಸ ವಿದ್ಯೆ ಏನಲ್ಲ.

6/10
"ಇದು ಮಾರ್ಕೆಟ್. ಡಿಮ್ಯಾಂಡ್, ಸಪ್ಲೈ. ಎಕನಾಮಿಕ್ಸ್ ಕಲಿ."

ಕಲಿಯೋಣ. 1994ರಲ್ಲಿ ಏರ್ ಕಾರ್ಪೊರೇಷನ್ಸ್ ಕಾಯ್ದೆ ರದ್ದಾದ ಮೇಲೆ ವಿಮಾನ ದರ ನಿಗದಿ ಕಂಪನಿಗಳ ಕೈಗೆ ಹೋಯ್ತು. ಆದ್ರೆ ಪೂರ್ತಿ ಲಗಾಮು ಬಿಟ್ಟಿಲ್ಲ. 1937ರ ವಿಮಾನ ನಿಯಮಗಳ 135ನೇ ನಿಯಮದ ಪ್ರಕಾರ, ದರ ನಿಗದಿ ಮಾಡುವಾಗ ಕಾರ್ಯಾಚರಣೆಯ ವೆಚ್ಚ, ಸೇವೆಯ ಸ್ವರೂಪ, ಚಾಲ್ತಿಯಲ್ಲಿರೋ ದರ ಇದನ್ನೆಲ್ಲ ನೋಡಬೇಕು. ಜೊತೆಗೆ 'ಸಮಂಜಸ ಲಾಭ' ಅಂತಲೂ ಇದೆ. 'ಸಿಕ್ಕಷ್ಟು ಲಾಭ' ಅಂತ ಇಲ್ಲ.

ಮಾರ್ಕೆಟ್ ಅಂದ್ರೆ ನಾಲ್ಕು ಅಂಗಡಿ ಇರಬೇಕು, ಒಂದು ಕಡೆ ಮೋಸ ಆದ್ರೆ ಇನ್ನೊಂದು ಕಡೆ ಹೋಗೋ ಹಾಗಿರಬೇಕು. ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಜೆಟ್ 2019ರಲ್ಲಿ. ಗೋ ಫಸ್ಟ್ 2023ರಲ್ಲಿ. ಈಗ ದೇಶದೊಳಗೆ ಹಾರೋ ಹತ್ತು ಜನರಲ್ಲಿ ಸುಮಾರು ಒಂಬತ್ತು ಜನ ಇಂಡಿಗೋ ಮತ್ತು ಏರ್ ಇಂಡಿಯಾ, ಈ ಎರಡೇ ಗುಂಪುಗಳ ವಿಮಾನದಲ್ಲಿ ಕೂರ್ತಾರೆ. ಎರಡೇ ಅಂಗಡಿ ಇರೋ ಊರಿನ ಸಂತೆಯಲ್ಲಿ ಚೌಕಾಸಿ ಮಾಡು ಅಂದ್ರೆ ಹೇಗೆ?

ಆದ್ರೂ ಮಾರ್ಕೆಟ್ ಮಾತನ್ನೇ ಒಪ್ಕೊಳ್ಳೋಣ. ಮಾರ್ಕೆಟ್ ಬೆಲೆ ಅಂದ್ರೆ ಅವತ್ತಿನ ದರ, 11,340. ಅದನ್ನ ನಾನು ಕೊಟ್ಟೆ. ಮೇಲಿನ 3,000 ಮಾರ್ಕೆಟ್ ಬೆಲೆ ಅಲ್ಲ. ಅದು ಬಾಗಿಲು ಒಳಗಿಂದ ಹಾಕ್ಕೊಂಡು ಕೇಳಿದ ಹಣ.

7/10
"ಫೀ ತೆಗೆದ್ರೆ ಇಂಡಸ್ಟ್ರಿ ಮುಳುಗುತ್ತೆ, ಸರ್ಕಾರ ಏನೂ ಮಾಡೋಕಾಗಲ್ಲ."

ಆಗುತ್ತೆ. ಮಾಡಿದ್ದಾರೆ. ಮೂರು ಸಲ ನೋಡಿದೀವಿ.

ಒಂದು: ಕೋವಿಡ್ ಕಾಲದಲ್ಲಿ, 2020ರ ಮೇ ತಿಂಗಳಿಂದ 2022ರ ಆಗಸ್ಟ್ 31ರವರೆಗೆ ದೇಶೀಯ ವಿಮಾನ ದರಕ್ಕೆ ಕೆಳಮಿತಿ, ಮೇಲ್ಮಿತಿ ಎರಡೂ ಇತ್ತು.

ಎರಡು: 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ಮರುದಿನಗಳಲ್ಲಿ ಶ್ರೀನಗರದ ಟಿಕೆಟ್‌ಗಳಿಗೆ ಕಂಪನಿಗಳು ಬದಲಾವಣೆ ಶುಲ್ಕ, ರದ್ದತಿ ಶುಲ್ಕ ಬಿಟ್ಟವು. ಸರ್ಕಾರ ಹೇಳಿತು, ಆಯ್ತು.

ಮೂರು: 2025ರ ಡಿಸೆಂಬರ್. ಪೈಲಟ್‌ಗಳ ವಿಶ್ರಾಂತಿಯ ಹೊಸ ನಿಯಮಕ್ಕೆ ತಕ್ಕ ಹಾಗೆ ಇಂಡಿಗೋ ತಯಾರಿ ಮಾಡ್ಕೊಂಡಿರಲಿಲ್ಲ, ಸಾವಿರಾರು ವಿಮಾನ ರದ್ದಾದವು, ಉಳಿದ ಟಿಕೆಟ್‌ಗಳ ದರ ಮುಗಿಲಿಗೆ ಹೋಯ್ತು. ಡಿಸೆಂಬರ್ 6ರಂದು ಸರ್ಕಾರ ದೂರಕ್ಕೆ ತಕ್ಕಂತೆ ಮಿತಿ ಹಾಕಿತು: 500 ಕಿಲೋಮೀಟರ್‌ವರೆಗೆ 7,500, ಸಾವಿರದವರೆಗೆ 12,000, ಒಂದೂವರೆ ಸಾವಿರದವರೆಗೆ 15,000, ಅದಕ್ಕೂ ಮೇಲೆ 18,000. ತೊಂದರೆಗೊಳಗಾದವರಿಂದ ದಿನಾಂಕ ಬದಲಾವಣೆಗೆ ಶುಲ್ಕ ತಗೋಬಾರದು ಅಂತಲೂ ಹೇಳಿತು. ಯಾವ ಆಕಾಶವೂ ಕಳಚಿ ಬೀಳಲಿಲ್ಲ.

ಗಮನಿಸಿ, ನನ್ನ 14,340 ಆ ಮಿತಿಯೊಳಗೇ ಇದೆ. ಅದಕ್ಕೇ ದರ ಮಿತಿಯೊಂದೇ ಸಾಲದು ಅಂತಿರೋದು. ಶುಲ್ಕದ ಪ್ರಶ್ನೆ ಬೇರೆ.

ಹೊರದೇಶದ ಉದಾಹರಣೆ ಬೇಕಾ? 2020ರ ಆಗಸ್ಟ್ ಕೊನೆಯಲ್ಲಿ ಅಮೆರಿಕದ ಯುನೈಟೆಡ್ ಕಂಪನಿ ದೇಶೀಯ ಪ್ರಯಾಣದ ಬಹುತೇಕ ಟಿಕೆಟ್‌ಗಳಿಗೆ ಚೇಂಜ್ ಫೀ ಕಾಯಂ ಆಗಿ ತೆಗೆದುಹಾಕಿತು. ಡೆಲ್ಟಾ, ಅಮೆರಿಕನ್ ಹಿಂಬಾಲಿಸಿದವು. ದರ ವ್ಯತ್ಯಾಸ ಅಲ್ಲೂ ಕೊಡಬೇಕು. ದಂಡ ಇಲ್ಲ. ನಾನು ಕೇಳ್ತಿರೋದೂ ಇಷ್ಟೇ.

8/10
"ವಿಮಾನ ಶೋಕಿ. ಟ್ರೈನ್‌ನಲ್ಲಿ ಹೋಗು."

ಹೋದವನ ಕಥೆ ಹೇಳ್ತೀನಿ. ನಮ್ಮ ಬ್ಯಾಚ್‌ನಲ್ಲಿ ಕೊಪ್ಪಳದ ಕಡೆಯ ಹುಡುಗ ಒಬ್ಬ ಇದ್ದಾನೆ (ಅವನನ್ನ ಕೇಳಿಯೇ ಬರೀತಿದೀನಿ). ಅವನ ಮನೆಯಲ್ಲಿ ವಿಮಾನ ಹತ್ತಿದ ಮೊದಲಿಗ. ಅವನಿಗೂ ಇದೇ ಮೆಸೇಜ್, ಇದೇ 8,000 ಚಿಲ್ಲರೆಯ ಲೆಕ್ಕ. ಅಷ್ಟು ದುಡ್ಡು ಮನೆಯಲ್ಲಿ ಕೇಳೋಕೆ ಅವನಿಗೆ ಬಾಯಿ ಬರಲಿಲ್ಲ. ವಿಮಾನ ರದ್ದು ಮಾಡಿದ, ವಾಪಸ್ ಬಂದಿದ್ದು 1,412 ರೂಪಾಯಿ. ಬೆಂಗಳೂರಿಂದ ದೆಹಲಿಗೆ ಕರ್ನಾಟಕ ಎಕ್ಸ್‌ಪ್ರೆಸ್ ಹೆಚ್ಚುಕಡಿಮೆ 40 ಗಂಟೆ. ರಿಸರ್ವೇಶನ್ 60 ದಿನ ಮುಂಚೆ ತೆರೆಯುತ್ತೆ. ಐದು ದಿನ ಮುಂಚೆ ಸೀಟು ಯಾರಪ್ಪ ಕೊಡ್ತಾರೆ? ಜನರಲ್ ಬೋಗಿಯಲ್ಲಿ ಬಂದ. ವೈವಾ ದಿನ ಶೂ ಹಾಕ್ಕೊಳ್ಳೋಕೆ ಆಗದಷ್ಟು ಕಾಲು ಊದಿತ್ತು. ಶೋಕಿ ಅಂತೆ.

ರೈಲಿನ ಮಾತು ಬಂದಿದ್ದಕ್ಕೆ: 2016ರ ಸೆಪ್ಟೆಂಬರ್‌ನಿಂದ ರಾಜಧಾನಿ, ಶತಾಬ್ದಿ, ದುರಂತೋ ರೈಲುಗಳಲ್ಲೂ ಬೇಡಿಕೆಗೆ ತಕ್ಕ ದರ ಇದೆ. ಪ್ರತಿ ಶೇ. 10 ಸೀಟು ಮಾರಾಟ ಆದಾಗ ದರ ಶೇ. 10 ಏರುತ್ತೆ. ಆದ್ರೆ ಮೂಲ ದರದ 1.4 ಪಟ್ಟಿಗೆ ನಿಲ್ಲುತ್ತೆ. ಅದನ್ನೂ ಜನ ಬೈದರು, ಬೈಯಲಿ. ಕನಿಷ್ಠ ಮೇಲೆ ಒಂದು ಸೂರು ಇದೆ.

ವಿಮಾನ ಬಡವರಿಗಲ್ಲ ಅನ್ನೋ ಮಾತನ್ನ ಮುರಿಯೋ ಕೆಲಸ ನಮ್ಮ ನೆಲದಿಂದಲೇ ಶುರುವಾಯ್ತು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಹಾರಿಸಿದ್ರು. 'ಸೂರರೈ ಪೋಟ್ರು' ನೋಡಿ ಅತ್ತವರಿಗೆ ಗೊತ್ತಿರುತ್ತೆ, ಅವರ ಬದುಕಿನಿಂದ ಪ್ರೇರಣೆ ಪಡೆದ ಸಿನಿಮಾ ಅದು. ಆಮೇಲೆ ಬಂದ ಉಡಾನ್ ಯೋಜನೆಯಲ್ಲಿ ಸರ್ಕಾರವೇ ಹೇಳಿತು, ಹವಾಯಿ ಚಪ್ಪಲಿ ಹಾಕಿದವರೂ ವಿಮಾನ ಹತ್ತಬೇಕು ಅಂತ. ಹತ್ತಿದ್ವಿ. ಈಗ ಇಳಿಯೋ ಹೊತ್ತಿಗೆ ಚಪ್ಪಲಿಯನ್ನೂ ಬಿಚ್ಚಿಸ್ಕೊಳ್ತಿದ್ದಾರೆ.

9/10
ಕಂಪನಿಗಳನ್ನ ಬೈದು ಕಾಲೇಜುಗಳನ್ನ ಬಿಟ್ರೆ ಅದು ಅರ್ಧ ಸತ್ಯ.

ರಾತ್ರಿ ಹತ್ತೂಮುಕ್ಕಾಲಿಗೆ ವಾಟ್ಸ್ಆ್ಯಪ್ ಗ್ರೂಪ್‌ನಲ್ಲಿ ಒಂದು ಪಿಡಿಎಫ್. "ಆಡಳಿತಾತ್ಮಕ ಕಾರಣಗಳಿಂದ" ವೈವಾ ಒಂದು ವಾರ ಮುಂದಕ್ಕೆ ಅಲ್ಲ, ಹಿಂದಕ್ಕೆ. ಆ ಒಂದು ಸಾಲಿಗೆ ನಮ್ಮ ಬ್ಯಾಚ್‌ನ ಹೊರರಾಜ್ಯದ ಹುಡುಗರು ಹುಡುಗಿಯರು ತೆತ್ತ ದುಡ್ಡು ಕೂಡಿಸಿದ್ರೆ ಲ್ಯಾಬ್‌ಗೆ ಒಂದು ಒಳ್ಳೆ ಪ್ರಿಂಟರ್ ಬರ್ತಿತ್ತು. ದೆಹಲಿಯಲ್ಲೇ ಮನೆ ಇರೋರಿಗೆ ಅದು ಕ್ಯಾಲೆಂಡರ್ ಬದಲಾವಣೆ. ದಾವಣಗೆರೆ, ಕೊಪ್ಪಳ, ಕಾಸರಗೋಡು, ಗುವಾಹಟಿಯವರಿಗೆ ಅದು ಒಂದು ತಿಂಗಳ ಮೆಸ್ ಬಿಲ್. ನನ್ನ ಅಮ್ಮ ಎಳ್ಳು-ಬೆಲ್ಲವನ್ನ ಡಬ್ಬಿಗೆ ತುಂಬಿ ನಾಲ್ಕು ದಿನ ಮೊದಲೇ ಕೈಗಿಟ್ರು. ಅದಕ್ಕೆ ಯಾವ ರೀಫಂಡೂ ಇಲ್ಲ.

ಪರೀಕ್ಷೆಯ ದಿನ ಒಮ್ಮೆ ಪ್ರಕಟಿಸಿದ ಮೇಲೆ ಹಿಂದಕ್ಕೆ ಎಳೆಯಬಾರದು. ಎಳೆದ್ರೆ ಆನ್‌ಲೈನ್ ವೈವಾಕ್ಕೆ ಅವಕಾಶ ಕೊಡಲಿ, ಇಲ್ಲಾಂದ್ರೆ ಪ್ರಯಾಣದ ಖರ್ಚು ಭರಿಸಲಿ. ನಮ್ಮ ಕ್ಲಾಸ್ ರೆಪ್‌ಗೆ ಇದನ್ನ ಬರವಣಿಗೆಯಲ್ಲಿ ಕೊಟ್ಟಾಗಿದೆ. ನಿಮ್ಮ ನಿಮ್ಮ ಕಾಲೇಜಿನಲ್ಲೂ ಕೊಡಿ. ಮುಂದಿನ ಸಲ ನಿಮ್ಮ ಸರದಿ.

10/10
ಬೇಡಿಕೆಗಳು, ಚಿಕ್ಕದಾಗಿ:

1. ಹಬ್ಬ, ರಜೆಯ ಸೀಸನ್ ಅಂತ ಸರ್ಕಾರ ದಿನಾಂಕ ಗುರುತಿಸಲಿ. ಆ ದಿನಗಳ ಟಿಕೆಟ್ ಬದಲಾವಣೆಗೆ ದರ ವ್ಯತ್ಯಾಸ ಮಾತ್ರ, ಶುಲ್ಕ ಸೊನ್ನೆ.
2. ಅವರಿಗೆ ಇರೋ ಎರಡು ವಾರದ ರಿಯಾಯಿತಿ ನಮಗೂ ಇರಲಿ. 14 ದಿನ ಮುಂಚೆ ತಿಳಿಸಿದ್ರೆ ಯಾವ ಸೀಸನ್‌ನಲ್ಲೂ ದಂಡ ಬೇಡ.
3. ಪರೀಕ್ಷೆ ಬದಲಾವಣೆ, ಆಸ್ಪತ್ರೆ, ಮನೆಯಲ್ಲಿ ಸಾವು: ದಾಖಲೆ ತೋರಿಸಿದ್ರೆ ಶುಲ್ಕ ಮಾಫಿ.
4. ಟಿಕೆಟ್ ದರದ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ, ಬದಲಾವಣೆ ಶುಲ್ಕವೂ ಕಾಣಲಿ.

ಡಿಜಿಸಿಎ ನಿಯಮದಲ್ಲಿ ಬುಕ್ ಮಾಡಿದ 24 ಗಂಟೆಯೊಳಗೆ ಉಚಿತವಾಗಿ ಬದಲಿಸೋ ಅವಕಾಶ ಇತ್ತು, ಅದೂ ಪ್ರಯಾಣಕ್ಕೆ ಏಳು ದಿನವಾದ್ರೂ ಬಾಕಿ ಇದ್ರೆ. 2025ರ ನವೆಂಬರ್‌ನಲ್ಲಿ ಬಂದ ಕರಡಿನಲ್ಲಿ ಅದನ್ನ 48 ಗಂಟೆ ಮಾಡೋ ಪ್ರಸ್ತಾಪ ಇತ್ತು. ಸಂತೋಷ. ಆದ್ರೆ ಅಕ್ಟೋಬರ್‌ನಲ್ಲಿ ಬುಕ್ ಮಾಡಿದವರ ಕಷ್ಟ ಜನವರಿಯಲ್ಲಿ ಬರುತ್ತೆ. ಆ ಕಷ್ಟ 48 ಗಂಟೆಯೊಳಗೆ ಬರಲ್ಲ.

ಅಲ್ಲಿವರೆಗೆ ನಾವು ಮಾಡಬಹುದಾದ್ದು (ಸೇವ್ ಮಾಡ್ಕೊಳ್ಳಿ):

• ಬದಲಿಸೋ ಮುಂಚೆ ಎರಡೂ ಲೆಕ್ಕ ಹಾಕಿ: ಬದಲಾವಣೆ ಖರ್ಚು ಒಂದು ಕಡೆ, ರದ್ದು ಮಾಡಿ ಹೊಸ ಟಿಕೆಟ್ ತಗೊಳ್ಳೋದು ಇನ್ನೊಂದು ಕಡೆ. ಅಗ್ಗದ ಟಿಕೆಟ್ ಆಗಿದ್ರೆ ಕೆಲವು ಸಲ ಎರಡನೇದೇ ಕಡಿಮೆ ಬೀಳುತ್ತೆ.
• ರದ್ದು ಮಾಡಿದ್ರೂ, ವಿಮಾನ ಹತ್ತದೇ ಉಳಿದ್ರೂ, ತೆರಿಗೆ ಮತ್ತು ಯೂಸರ್ ಡೆವಲಪ್‌ಮೆಂಟ್ ಫೀ ಥರದ ವಿಮಾನ ನಿಲ್ದಾಣದ ಶುಲ್ಕ ವಾಪಸ್ ಸಿಗಬೇಕು. 'ನಾನ್ ರೀಫಂಡಬಲ್' ಟಿಕೆಟ್‌ಗೂ ಇದು ಅನ್ವಯ. ಕೇಳದೇ ಬಿಡಬೇಡಿ.
• ರೀಫಂಡ್ ಪ್ರೊಸೆಸ್ ಮಾಡೋಕೆ ಅಂತ ಕಂಪನಿ ಬೇರೆ ಶುಲ್ಕ ಹಾಕೋ ಹಾಗಿಲ್ಲ.
• ಕಂಪನಿಯೇ ನಿಮ್ಮ ವಿಮಾನದ ಸಮಯ ಬದಲಿಸಿದೆಯಾ ಅಂತ ಇಮೇಲ್ ನೋಡಿ. ಬದಲಿಸಿದ್ರೆ ದುಡ್ಡು ಕಟ್ಟೋ ಮುಂಚೆ ಉಚಿತ ಬದಲಾವಣೆ ಕೇಳಿ.
• ದೂರು ಕೊಡೋಕೆ ಸರ್ಕಾರದ ಏರ್‌ಸೇವಾ ಪೋರ್ಟಲ್ ಇದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಸ್ಕ್ರೀನ್‌ಶಾಟ್ ಇಲ್ಲದ ದೂರು ಬರೀ ಗೊಣಗಾಟ, ಎಲ್ಲ ತೆಗೆದಿಟ್ಕೊಳ್ಳಿ.

ಕೊನೇ ಕೆಲಸ ನಿಮ್ಮದು. ನೀವು ಕಟ್ಟಿದ ಚೇಂಜ್ ಫೀ ಎಷ್ಟು, ಅವತ್ತು ನೀವು ಬಿಟ್ಟ ಸೀಟಿನ ದರ ಎಷ್ಟಿತ್ತು, ಎರಡೇ ಸಂಖ್ಯೆ ಕಾಮೆಂಟ್‌ನಲ್ಲಿ ಹಾಕಿ. ಪಿಎನ್‌ಆರ್, ಹೆಸರು ಬೇಡ. ನೂರು ಜನರ ಲೆಕ್ಕ ಸೇರಲಿ, ಎಲ್ಲವನ್ನೂ ಒಂದೇ ದೂರಿನಲ್ಲಿ ಸೇರಿಸಿ ಡಿಜಿಸಿಎಗೆ ಕಳಿಸ್ತೀನಿ, ಕಳಿಸಿದ ಪ್ರತಿಯನ್ನ ಇಲ್ಲೇ ಹಾಕ್ತೀನಿ. ಒಬ್ಬರು ಕೇಳಿದ್ರೆ ಕಸ್ಟಮರ್ ಕೇರ್ ಸಂಗೀತ ಕೇಳಿಸ್ತಾರೆ. ನೂರು ಜನ ಕೇಳಿದ್ರೆ ಯಾರಾದ್ರೂ ಫೋನ್ ಎತ್ತಲೇಬೇಕು.

#ದಂಡಯಾಕೆ #ರಿಟರ್ನ್‌ಟಿಕೆಟ್ #ಹಬ್ಬದಸೀಸನ್ #ದೆಹಲಿಕನ್ನಡಿಗರು